ಪೋಷಕರು ಅನ್ನೋ ಕಡೆ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಬೇಗೂರಿನ ಬಸ್ಸಿಗೆ ಕಾದಿದ್ದ ಮಲ್ಲಾಜಮ್ಮನ ಪಕ್ಕಕ್ಕೆ ಅಕ್ಕತಂಗಿಯರಿಬ್ಬರು ಬಂದು ಕೂತರು. ತಂಗಿ ಭಾನು ಮಗಳ ಅಂಕಪಟ್ಟಿಯನ್ನು ಅಕ್ಕನ ಕೈಗಿಟ್ಟಳು. ಮಲ್ಲಾಜಮ್ಮ ಬೇಡವೆಂದುಕೊಂಡರೂ ಅವಳ ಕಿವಿ ಅತ್ತಲೇ ಹೋಯಿತು.

"ತಗಳಕ್ಕ, ಈ ಸಲಾನೂ ಪೋಷಕರ ಸಭೆಗೆ ನೀನೇ ಓಗ್ಬುಡು."

"ಮೊಕ ಯಾಕೆ ಸಪ್ಪಗೈತೆ? ಮಗಳು ಕ್ಲಾಸಿಗೇ ಫಸ್ಟ್ ಬಂದವ್ಳೆ."

"ಸಹಿ ನೋಡು. ನಮ್ ಸ್ಕೂಲ್ ಮಕ್ಕಳ ಕಾರ್ಡ್ ಜೊತೇಲಿ ಇವಳ್ದೂ ಸೇರ್ಕಂಡಿತ್ತು. ಮುಖ್ಯ ಶಿಕ್ಷಕರು ಅನ್ನೋ ಕಡೆ ಹಾಕಿ, ಸೀಲೂ ಒತ್ಬುಟ್ಟೆ."

ಅಕ್ಕ ಗೊಳ್ಳೆಂದು ನಕ್ಕಳು. "ಎಚ್ಚೆಮ್ ಆಗ್ಬೇಕು, ಎಚ್ಚೆಮ್ ಆಗ್ಬೇಕು ಅಂತ ಜಪ ಮಾಡ್ತಿದ್ದೆ. ಈಗ ತಾಲ್ಲೂಕಿನ ಸ್ಕೂಲೆಲ್ಲ ನಿಂದೇಯಾ?"

"ನಗಬ್ಯಾಡ ಕಣಕ್ಕ. ಪೋಷಕರು ಅನ್ನೋ ಕಡೆ ನೋಡು."

"ಯಾರ್ದೇ ಈ ಹೆಬ್ಬೆಟ್ಟು?"

"ನಮ್ಮತ್ತೇದು. ಕೊಡು, ನಾನು ಹಾಕ್ತೀನಿ ಅಂದ್ರೆ, 'ಬುಡಮ್ಮ, ಅಜ್ಜಿ ಕೈಲಿ ಒತ್ತಿಸ್ಕಂಡೆ, ನಿಂಗ್ಯಾಕೆ ತೊಂದ್ರೆ' ಅಂದ್ಲು. ಕೋಪ ಮಾಡ್ಕಂಡಿದ್ರೆ ತಡ್ಕತಿದ್ದೆ. ನಗ್ತಾ ಅಂದ್ಲು ಕಣಕ್ಕ."

ಅಕ್ಕನ ನಗು ನಿಂತಿತು. "ಹಂಗಾದ್ರೆ ಇವತ್ತು ನೀನೇ ಓಗು."

"ಬೇಗೂರಲ್ಲಿ ನಮ್ ಸ್ಕೂಲಲ್ಲೂ ಇವತ್ತೇ ಪೋಷಕರ ಸಭೆ. ನಾನಿಲ್ದೆ ಹೆಂಗೆ ನಡೀತದೆ?"

"ಇಲ್ಲಿ ನಡೀತಾ ಇಲ್ವಾ, ನೀನಿಲ್ದೆ?"

ಬೇಗೂರಿನ ಬಸ್ಸು ಬಂತು. "ಬನ್ನಿ ಮೇಡಂ, ಸೀಟೈತೆ" ಎಂದು ಕಂಡಕ್ಟರ್ ಕೂಗಿದ. ಭಾನು ಎದ್ದು ನಿಂತು ಫೋನ್ ತೆಗೆದಳು.

"ಮೇಷ್ಟ್ರೇ, ಇವತ್ತಿನ ಸಭೆ ನೀವೇ ನಡೆಸ್ಬುಡಿ."

ಆಮೇಲೆ ಅಕ್ಕನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು. "ಅವಳ ಕ್ಲಾಸ್ ರೂಮು ಎಲ್ಲಿ ಬತ್ತದೆ?"

"ನಂಗೊತ್ತು, ಬಾ."

ಬಸ್ಸಿನ ಕಿಟಕಿಯಿಂದ ಮಲ್ಲಾಜಮ್ಮ ನೋಡುತ್ತಲೇ ಇದ್ದಳು. ಮುಂದೆ ಅಕ್ಕ ಹೋಗುತ್ತಿದ್ದಳು. ಅವಳ ಹಿಂದೆ, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ, ಮುಖ್ಯ ಶಿಕ್ಷಕಿ.