ಮುಂದಿನ ಅಧ್ಯಾಯ ಫ್ಲೇವಿಯಾದು

ಸರಸ್ವತಿಪುರಂ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಹದೇವಮ್ಮನ ಪಕ್ಕದಲ್ಲೇ ಕೂತು ಇಬ್ಬರು ಹುಡುಗಿಯರು ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿದ್ದರು. ಅತಿಮಾನುಷ ಶಕ್ತಿ ಪಡೆದ ಇಬ್ಬರು ಗೆಳೆಯರು ಶತ್ರುಗಳಾಗುವ ಕಾದಂಬರಿಯನ್ನು ಇವರು ಬರೆಯುತ್ತಿದ್ದಾರೆ, ಒಂದು ಅಧ್ಯಾಯ ಅವಳು, ಒಂದು ಇವಳು ಎಂಬುದು ಆ ಜಗಳದಿಂದಲೇ ಆಕೆಗೆ ತಿಳಿಯಿತು.

"ಎಡ್ವಿನ್ ನನ್ನ ಪಾತ್ರ ಕಣೇ ನಿಶ್ಚಿತಾ! ಮುಟ್ಟಿ ನೋವು ತೆಗೆಯೋ ಶಕ್ತಿ ಕೊಟ್ಟಿದ್ದೆ. ಅವನ ಕೈಲಿ ಹೆತ್ತ ತಾಯಿನೇ ಕೊಲ್ಲಿಸ್ಬುಟ್ಟೆಯಲ್ಲ!"

"ಫ್ಲೇವಿಯಾ, ಅವನು ತಾಯಿ ನರಳಾಟ ನೋಡಕ್ಕಾಗ್ದೆ ಉಸಿರು ತೆಗೆದ. ಒಳ್ಳೇವ್ನೋ ಕೆಟ್ಟೋನೋ, ಓದೋರು ಹೇಳ್ಲಿ."

"'ಅಮ್ಮನ್ನ ಬೇಗ ಕರ್ಕೋ ದೇವ್ರೇ, ನಂಗೆ ನಿದ್ದೆ ಬೇಕು' ಅಂತಾನಲ್ಲ, ಅದು ಯಾರ ಮಾತು?"

ನಿಶ್ಚಿತಾ ಬ್ಯಾಗಿನ ಜಿಪ್ ಎಳೆಯತೊಡಗಿದಳು.

"ನಮ್ಮಮ್ಮ ಆಸ್ಪತ್ರೇಲಿದ್ದಾಗ ನಾನು ಅಂದಿದ್ದು! ಪಾಪನಿವೇದನೆ ಮಾಡುವಾಗ್ಲೂ ಫಾದರಿಗೆ ಹೇಳ್ಲಿಲ್ಲ. ನಿನ್ನೊಬ್ಬಳಿಗೇ ಹೇಳಿದ್ದೆ."

"ಕಥೆಗೆ ಬೇಕಿತ್ತು ಕಣೇ. ಅದಿಲ್ದಿದ್ರೆ ಅವನು ಬರೀ ಗೊಂಬೆ."

ಮಹದೇವಮ್ಮನ ಬಸ್ಸು ಬಂದು ಹೋಯಿತು. ಆಕೆ ಏಳಲಿಲ್ಲ. ಅದರ ಹಿಂದೆಯೇ ಬಂದ ಬಸ್ಸಿಗೆ ಫ್ಲೇವಿಯಾ ಎದ್ದಳು.

"ಮುಂದಿನ ಅಧ್ಯಾಯ ನಂದು. ಇನ್ನು ನಿನ್ನ ಪಾತ್ರ ಸಿದ್ದಲಿಂಗನ ಸರದಿ. ನಿಮ್ಮಕ್ಕನ ಮದುವೆ ನಿಂತಿದ್ದು ಯಾರು ಬರೆದ ಕಾಗದದಿಂದ ಅಂತ ನೀನು ನಂಗೊಬ್ಬಳಿಗೇ ಹೇಳಿದ್ದೆ, ನೆನಪಿದ್ಯಾ?"

"ಅಯ್ಯೋ, ಅದು ಬೇಡ! ಅಕ್ಕ ಓದ್ತಾಳೆ! ಫ್ಲೇವಿ, ನಿನ್ನ ಕಾಲಿಗೆ ಬೀಳ್ತೀನಿ!"

ನಿಶ್ಚಿತಾ ಹಿಂದೆಯೇ ಓಡಿದಳು. ಫ್ಲೇವಿಯಾ ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು.

"ಕಥೆಗೆ ಬೇಕು ಕಣೇ."