ಒಂಬತ್ತರಲ್ಲಿ ಒಂದು ಖಾಲಿ ಜಾಗ

ಒಂದು ವಾಯುನೆಲೆಯಲ್ಲಿ ಒಂದು ವಿಮಾನ ತಂಡ ಇತ್ತು. ಯಾವ ನೆಲೆ ಎಂದು ಕೇಳಬೇಡಿ, ಕಥೆ ಹೇಳುವವನಿಗೆ ಅಷ್ಟು ಸಲಿಗೆ ಕೊಡಿ. ಅದು ಯುದ್ಧಕ್ಕೆ ಹೋಗುವ ತಂಡವಲ್ಲ. ಜೆಟ್ ವಿಮಾನಗಳನ್ನು ಅಕ್ಕಪಕ್ಕ ಹಾರಿಸಿ, ಪಲ್ಟಿ ಹೊಡೆಸಿ, ಬಣ್ಣದ ಹೊಗೆ ಬಿಟ್ಟು ಜನರಿಗೆ ತೋರಿಸುವ ತಂಡ. ಶುರುವಾದಾಗ ಇದ್ದದ್ದು ನಾಲ್ಕೇ ವಿಮಾನ. ಆಮೇಲೆ ಆರಾದವು, ಆಮೇಲೆ ಒಂಬತ್ತಾದವು. ಹದಿನೈದು ವರ್ಷ ಊರೂರು ಸುತ್ತಿದರು. ಹದಿನಾರನೆಯ ವರ್ಷ ಅಭ್ಯಾಸದ ವೇಳೆ ಎರಡು ವಿಮಾನಗಳ ರೆಕ್ಕೆ ತಗುಲಿತು. ಒಬ್ಬ ಪೈಲಟ್ ಹಿಂತಿರುಗಲಿಲ್ಲ. ತಂಡವನ್ನೇ ಮುಚ್ಚಿದರು. ನಾಲ್ಕು ವರ್ಷ ವಿಮಾನಗಳು ಶೆಡ್ಡಿನಲ್ಲಿ ಧೂಳು ತಿಂದವು.

ಮತ್ತೆ ತೆರೆದಾಗ ಒಂದು ನಿಯಮ ಬಂತು, ನೋಡಿ. ಪ್ರತಿ ಹಾರಾಟ ಮುಗಿದ ಮೇಲೆ ಒಂಬತ್ತೂ ಪೈಲಟ್‌ಗಳು ಒಂದು ಕೋಣೆಯಲ್ಲಿ ಕೂರಬೇಕು. ಪ್ರತಿಯೊಬ್ಬರೂ ತಮ್ಮ ತಪ್ಪನ್ನು ತಾವೇ ಹೇಳಬೇಕು. ದೊಡ್ಡ ಅಧಿಕಾರಿ, ಚಿಕ್ಕ ಅಧಿಕಾರಿ ಎಂಬುದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರಬೇಕು.

ಆ ತಂಡಕ್ಕೆ ಶಿವಬಸು ಸೇರಿದ. ಇಂಡಿ ಕಡೆಯವನು, ವ್ಯಾಯಾಮ ಶಿಕ್ಷಕರ ಮಗ. ಈ ಜಾಗಕ್ಕಾಗಿ ಹನ್ನೊಂದು ವರ್ಷ ಕಾದಿದ್ದ. ತಂಡದ ನಾಯಕರಾದ ಕೊಡಗಿನ ಪೂವಯ್ಯನವರ ಬಲಬದಿಯಲ್ಲಿ, ಅವರ ರೆಕ್ಕೆಯಿಂದ ಕಣ್ಣು ಕೀಳದೆ, ಐದು ಮೀಟರ್ ಅಂತರದಲ್ಲಿ ಹಾರುವುದು ಅವನ ಕೆಲಸ. ಭಾನುವಾರ ಅವನ ಮೊದಲ ಪ್ರದರ್ಶನ. ಅಪ್ಪ, ಚಿಕ್ಕಪ್ಪಂದಿರು, ಅತ್ತೆಯರು ಎಲ್ಲರೂ ಟೆಂಪೊ ಮಾಡಿಕೊಂಡು ಬರುವವರಿದ್ದರು.

ಬುಧವಾರ ಅಭ್ಯಾಸದಲ್ಲಿ ಬಲಕ್ಕೆ ತಿರುಗುವಾಗ ನಾಯಕರ ರೆಕ್ಕೆ ಇದ್ದಕ್ಕಿದ್ದಂತೆ ಅವನ ತಲೆಯ ಮೇಲೆಯೇ ಬಂದಂತಾಯಿತು. ಐದು ಮೀಟರ್ ಇದ್ದದ್ದು ಒಂದೇ ಮೀಟರಾಯಿತು. ಅವನು ಕೆಳಗೆ ಸರಿದು, ಮತ್ತೆ ಜಾಗ ಹಿಡಿದ. ಎಲ್ಲ ಎರಡು ಸೆಕೆಂಡಿನ ಮಾತು. ಮೋಡ ಅಡ್ಡವಿದ್ದದ್ದರಿಂದ ನೆಲದ ಮೇಲಿನ ಕ್ಯಾಮೆರಾಕ್ಕೂ ಕಾಣಲಿಲ್ಲ.

ಕೋಣೆಯಲ್ಲಿ ಅವನ ಸರದಿ ಬಂತು. ಏನು ಹೇಳಿದ? "ನನ್ನ ಕಡೆಯಿಂದ ಏನಿಲ್ಲ ಸರ್" ಎಂದ.

ಅಲ್ಲಿಂದ ಶುರುವಾಯಿತು ತಳಮಳ. ಬೂಟು ಬಿಚ್ಚುತ್ತಾನೆ, ಮತ್ತೆ ಹಾಕಿಕೊಳ್ಳುತ್ತಾನೆ. ಕ್ವಾರ್ಟರ್ಸಿನ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಒಳಗೆ ಬಂದು ಕೂರುತ್ತಾನೆ, ಕೂತವನು ಏಳುತ್ತಾನೆ. ಹೆಂಡತಿ ಸುವರ್ಣಾ ಕೇಳಿದಳು: "ಚಾ ಮೂರು ಸರ್ತಿ ಕಾಸೀನಿ, ಮೂರು ಸರ್ತಿನೂ ಆರೇದ. ಏನಾಗೇದ ನಿಮಗ?"

"ಏನಿಲ್ಲ. ಇನ್ನೊಮ್ಮೆ ಆಗಂಗಿಲ್ಲ ಬಿಡು."

"ಏನು ಆಗಂಗಿಲ್ಲ?"

ಅವನು ಮತ್ತೆ ಬೂಟು ಹಾಕಿಕೊಂಡು ಬೀದಿಗೆ ಇಳಿದ.

ಶುಕ್ರವಾರ ಅದೇ ತಿರುವಿನಲ್ಲಿ ಮತ್ತೆ ಅದೇ ಆಯಿತು. ಈ ಸಲ ಅಂತರ ಒಂದು ಮೀಟರೂ ಇರಲಿಲ್ಲ. ಕೋಣೆಯಲ್ಲಿ ಸರದಿ ಬಂದಾಗ ಎದ್ದು ನಿಂತ. ಬುಧವಾರದ್ದನ್ನೂ ಹೇಳಿದ, ಇವತ್ತಿನದನ್ನೂ ಹೇಳಿದ. "ಮುಚ್ಚಿಟ್ಟಿದ್ದೆ ಸರ್. ಭಾನುವಾರ ನನ್ನನ್ನು ಕೈಬಿಡ್ತೀರಿ ಅಂತ ಹೆದರಿಕೆ."

ಪೂವಯ್ಯನವರು ತಾವೂ ಎದ್ದು ನಿಂತರು.

"ಆ ತಿರುವಿನಲ್ಲಿ ನಾನು ಒಪ್ಪಿದ್ದಕ್ಕಿಂತ ಬಿಗಿಯಾಗಿ ವಿಮಾನ ತಿರುಗಿಸ್ತಿದ್ದೆ" ಎಂದರು. "ಬುಧವಾರದಿಂದ. ಭಾನುವಾರ ತೋರಿಸೋ ಮೈದಾನ ಚಿಕ್ಕದು ಅಂತ. ನನಗೆ ಗೊತ್ತಿತ್ತು. ಯಾರಿಗೂ ತೊಂದರೆ ಆಗ್ತಿಲ್ಲ ಅಂದ್ಕೊಂಡು ಸುಮ್ಮನಿದ್ದೆ."

ಬಿಗಿಯಾಗಿ ತಿರುಗಿಸಿದ್ದು ಒಬ್ಬರು, ಮುಚ್ಚಿಟ್ಟದ್ದು ಇಬ್ಬರೂ. ಇನ್ನೊಂದು ಹಾರಾಟ ಹಾಗೆಯೇ ನಡೆದಿದ್ದರೆ? ನೀವೇ ಯೋಚಿಸಿ.

ಪೂವಯ್ಯನವರು ಆ ತಿರುವನ್ನು ಕಾರ್ಯಕ್ರಮದಿಂದ ತೆಗೆದರು. "ಎರಡು ರಾತ್ರಿಯಿಂದ ನೀವು ನಿದ್ದೆ ಮಾಡಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಭಾನುವಾರ ನೆಲದ ಮೇಲಿರಿ" ಎಂದು ಶಿವಬಸುವಿಗೆ ಹೇಳಿದರು.

ಭಾನುವಾರ ಅವನು ಜನರ ನಡುವೆ, ಅಪ್ಪನ ಪಕ್ಕದಲ್ಲಿ ನಿಂತಿದ್ದ. ಎಂಟು ವಿಮಾನಗಳು ಬಂದವು. ಅಪ್ಪ ಹಣೆಗೆ ಕೈಯೊಡ್ಡಿ ನೋಡಿದರು. "ನೀ ಇರೂದು ಯಾವ ಕಡೆನಪಾ?"

"ಅಲ್ಲಿ, ಮುಂದಿನವರ ಬಲಕ್ಕ. ಖಾಲಿ ಐತೆಲ್ಲ, ಅದು ನಂದು." ಆಮೇಲೆ ನಡೆದದ್ದನ್ನೆಲ್ಲ ಹೇಳಿದ.

ಅಪ್ಪ ಆ ಖಾಲಿ ಜಾಗವನ್ನು ಅದು ಕಣ್ಮರೆಯಾಗುವವರೆಗೂ ನೋಡಿದರು. "ಹೇಳಿದ್ದು ಚಲೋ ಆತು" ಎಂದರು. "ನಾ ಮತ್ತೊಮ್ಮೆ ಬರ್ತೀನಿ." ಆರು ವಾರದ ನಂತರ ಬಂದರು ಕೂಡ. ಅಂದು ಒಂಬತ್ತೂ ವಿಮಾನಗಳು ಹಾರಿದವು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಅಂಥ ಒಂದು ಕೋಣೆ ಇದೆಯೇ? ಸೊಸೆ ಹಾಲು ಉಕ್ಕಿಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ; ನೀವು ಅವಳಿಗೆ ಆಡಿದ ಮಾತು ಯಾರಿಗೆ ಗೊತ್ತು? ಕಚೇರಿಯಲ್ಲಿ ಕಿರಿಯನ ತಪ್ಪಿಗೆ ನೋಟಿಸು ಕೊಡುತ್ತೀರಿ, ನಿಮ್ಮದಕ್ಕೆ? ಎದೆಯೊಳಗೆ ಇಟ್ಟುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತೀರಿ. ಅದಕ್ಕೆ ರಕ್ತದೊತ್ತಡ ಎಂದು ಹೆಸರಿಟ್ಟು ಮಾತ್ರೆ ನುಂಗುತ್ತೀರಿ.

ಮನೆಗೆ ಹೋಗಿ. ಇವತ್ತೇ, ಎಲ್ಲರೂ ಊಟಕ್ಕೆ ಕೂತಾಗ, ಮನೆಯಲ್ಲಿ ಯಾರು ಹಿರಿಯರೋ ಅವರು ಮೊದಲು ಬಾಯಿ ಬಿಡಿ. "ಇವತ್ತು ನಾನು ಇಲ್ಲಿ ತಪ್ಪಿದೆ" ಅನ್ನಿ. ಒಂದೇ ಒಂದು ಸಾಕು. ಕೇಳಿದವರು ನಗಬೇಡಿ, ಬುದ್ಧಿ ಹೇಳಬೇಡಿ. ನಿಮ್ಮದನ್ನು ಹೇಳಿ.