ಬೇರೆ ಗಾಡಿಯ ಗಾಲಿ

ರಾಣೆಬೆನ್ನೂರಿನ ಟೈರ್ ಅಂಗಡಿಯಲ್ಲಿ ನನ್ನ ಸ್ಕೂಟರಿನ ಪಂಕ್ಚರ್ ತೆಗೆಯುತ್ತಿದ್ದರು. ಪಕ್ಕದಲ್ಲಿ ಕುಪ್ಪೇಲೂರಿನ ಗಂಡ ಹೆಂಡತಿ ನಿಂತಿದ್ದರು. ಗಂಡ ಪಿಕಪ್ ತಂದಿದ್ದ, ಹೆಂಡತಿ ಬಸ್ಸಿಗೆ ಬಂದಿದ್ದಳು. ಬೇರೆ ಕಂಪನಿಯ ಸಣ್ಣ ಗಾಲಿಗಳನ್ನು ಪಿಕಪ್ಪಿಗೆ ಹಾಕಿಸಬೇಕೆಂಬುದು ಅವನ ಹಟ.

“ಬೋಲ್ಟ್ ಕೂಡತಾವ ಕಾಕಾರ,” ಎಂದ ಮೇಸ್ತ್ರಿ. “ಆದ್ರ ಗಾಡಿ ತೆಳಗ ಬರತೈತಿ. ಹೊಲದ ದಾರ್ಯಾಗ ಹೊಟ್ಟಿ ನೆಲಕ್ಕ ತಾಗತೈತಿ.”

“ತಾಗ್ಲಿ, ಹಾಕು.”

ಹೆಂಡತಿ ಸಿಡುಕಿದಳು. “ಛಲೋ ಗಾಲಿ ಬಿಚ್ಚಸಾಕ ಹುಚ್ಚು ಹಿಡದೈತೇನ್ರಿ ನಿಮಗ?”

“ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯುವಾಗ ನೀ ಬಾಜೂಕ ಕುಂದ್ರತಿದ್ದಿ. ಈ ವರ್ಷ ಒಮ್ಮೆನೂ ಬರಲಿಲ್ಲ.”

“ಮನ್ಯಾಗ ಕೆಲಸ ಇತ್ರಿ.”

“ಕೆಲಸಲ್ಲ, ಮೊಣಕಾಲು. ಹತ್ತಾಕ ಆಗವಲ್ದು ಅಂತ ನೀ ಹೇಳಲಿಲ್ಲ. ನಾ ನೋಡೇನಿ.”

ಆಕೆ ಆ ಸಣ್ಣ ಗಾಲಿಗಳ ಕಡೆ ನೋಡಿದಳು. ಆಮೇಲೆ ಮೇಸ್ತ್ರಿಗೆ ಹೇಳಿದಳು, “ತಮ್ಮಾ, ಆ ಸಣ್ಣ ಗಾಲಿ ಒಂದು ಗಾಡಿ ಬಾಗಲದ ಮುಂದ ಮಲಗ್ಸು.”

ಅವನು ಮಲಗಿಸಿದ. ಆಕೆ ಗಂಡನ ಹೆಗಲು ಹಿಡಿದು, ಗಾಲಿಯ ಮೇಲೆ ಕಾಲಿಟ್ಟು, ಒಳಗೆ ಹತ್ತಿ ಕುಳಿತಳು.

“ಇದೊಂದ ತಗೊಳ್ರಿ, ಸಾಕು.”

“ಇಳಿಯುವಾಗ?”

“ನೀವು ಮೊದಲ ಇಳದು ಇಡ್ರಿ. ಅಲ್ಲೀಮಟ ನಾ ಕುಂತಿರತೇನಿ.”

ಗಂಡ ಗಾಲಿಯನ್ನು ಹಿಂದೆ ಹಾಕಿ, ಆಕೆಯ ಬಾಗಿಲನ್ನು ತಾನೇ ಮುಚ್ಚಿದ. ಪಿಕಪ್ಪಿನಲ್ಲಿ ಒಂದು ಚೀಲವೂ ಇರಲಿಲ್ಲ. ಆದರೂ ಅದು ಊರಿನ ಕಡೆ ಹೋಗದೆ ಬ್ಯಾಡಗಿ ರಸ್ತೆಗೆ ತಿರುಗಿತು.